ಹುಳ ಮುಟ್ಟಿದವರ ನಂಬರು

ಆಳಂದ, ಅಫಜಲಪುರ, ಜೇವರ್ಗಿ ಕಡೆ ಯಾವ ಕಟ್ಟೆಯ ಮೇಲೆ ಕೂತರೂ ಮಾತು ಮಳೆಯಿಂದ ತೊಗರಿಗೆ, ತೊಗರಿಯ ರೇಟಿನಿಂದ ಬಿಪಿ-ಸಕ್ರಿಗೆ ಬರಲು ಒಂದು ಚಹಾ ಮುಗಿಯುವಷ್ಟು ಹೊತ್ತು ಸಾಕು. ಮೊದಲೆಲ್ಲ ಎಕರೆಗೆ ಎಷ್ಟು ಚೀಲ ಬಂತು ಅಂತ ಕೇಳುತ್ತಿದ್ದರು. ಈಗ ಅದೇ ಗತ್ತಿನಲ್ಲಿ, “ನಿಮ್ದು ಸಕ್ರಿ ಎಷ್ಟದ್ರೀ?” ನೂರಾ ನಲವತ್ತು ಎಂದವರಿಗಿಂತ ಇನ್ನೂರಾ ಎಂಬತ್ತು ಎಂದವರ ಮಾತಿಗೆ ತೂಕ ಹೆಚ್ಚು.

ಅದೇ ಯಜಮಾನರು ಕಲಬುರಗಿಯ ದವಾಖಾನಿಯಿಂದ ತಂದ ಕಾಗದದಲ್ಲಿ ಬರೀ ‘ಇ11’ ಅಂತ ಇದ್ದರೆ? ಕಟ್ಟೆ ಗಪ್ಪಾಗುತ್ತದೆ. ಬಸ್ಸಿನ ಸೀಟೋ, ಚೀಟಿ ಎತ್ತಿದ ನಂಬರೋ? ಎರಡನೇ ನಮೂನೆಯ ಸಕ್ಕರೆ ಕಾಯಿಲೆಗೆ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿ ಕೊಟ್ಟ ಗುರುತು ಅದು. ಈ ಪಟ್ಟಿಯ ಮುತ್ತಜ್ಜ 1893ರಲ್ಲಿ ಚಿಕಾಗೋದ ಒಂದು ಸಭೆಯ ಮುಂದೆ ಬಂದದ್ದು. ಪ್ಯಾರಿಸ್ಸಿನ ಜಾಕ್ ಬರ್ಟಿಯೋನ್ ಸಾವಿನ ಕಾರಣಗಳನ್ನೆಲ್ಲ ಸಾಲು ಹಚ್ಚಿ ನಿಲ್ಲಿಸಿದ್ದ. ಸತ್ತವರ ಲೆಕ್ಕಕ್ಕೆ ಹುಟ್ಟಿದ್ದು ಬದುಕಿದ್ದವರ ಚೀಟಿಗೂ ಬಂತು, ನೋಡಿ. ಸ್ನೋಮೆಡ್ ಸಿಟಿ ಅಂತ ಇನ್ನೊಂದಿದೆ. ಭಾರತ 2014ರಲ್ಲಿ ಅದಕ್ಕೆ ಸದಸ್ಯ ದೇಶವಾಯಿತು. ಅದರಲ್ಲಿ ಇದೇ ಕಾಯಿಲೆ 44054006. ಮೊಬೈಲ್ ನಂಬರಿಗೆ ಎರಡೇ ಅಂಕಿ ಕಡಿಮೆ!

ನಂಬರು ಬೇಡ ಅಂತಲ್ಲ. ಪಹಣಿಯಲ್ಲಿ ಸರ್ವೆ ನಂಬರಿದ್ದರೂ ಬಾಯಲ್ಲಿ ಅದು ‘ಹುಣಸಿ ಗಿಡದ ಹೊಲ’ವೇ. ತಕರಾರು ಬಿದ್ದಾಗ ನಂಬರು ಬೇಕು, ಬುತ್ತಿ ಒಯ್ಯುವವಳಿಗೆ ಹುಣಸಿ ಗಿಡ ಬೇಕು. ಆರೋಗ್ಯ ದಾಖಲೆಯ ಚೌಕಟ್ಟು ಕಟ್ಟಿದವರಿಗೂ ಇದು ಹೊಳೆದಿದೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಳಸುವ ‘ಫೈರ್’ ಎಂಬ ಮಾದರಿಯಲ್ಲಿ (ಹೆದರಬೇಡಿ, ಬೆಂಕಿಯೇನಿಲ್ಲ) ಒಂದು ಕಾಯಿಲೆಗೆ ಹಲವು ಖಾನೆ: ಯಾವ ಪಟ್ಟಿ, ಯಾವ ಕೋಡು, ಅದರ ಹೆಸರೇನು. ಅಷ್ಟೇ ಅಲ್ಲದೆ, ಮನುಷ್ಯರು ತಮ್ಮ ಮಾತಿನಲ್ಲೇ ಬರೆದುಕೊಳ್ಳಲು ಬೇರೆ ಜಾಗ. ಆ ಕೊನೆಯ ಖಾನೆ ಖಾಲಿ ಬಿಟ್ಟರೂ ಕಂಪ್ಯೂಟರ್ ತಕರಾರು ಮಾಡುವುದಿಲ್ಲ. ಫಜೀತಿ ಇರುವುದೇ ಅಲ್ಲಿ.

ಹೆಂಗಂತೀರಾ? ಭೀಮಾ ದಂಡೆಯ ಹೊಲದಿಂದ ಸರಿರಾತ್ರಿ ಒಬ್ಬರನ್ನು ಹೊತ್ತು ತಂದು, “ಹುಳಾ ಮುಟ್ಟೇದ್ರೀ” ಅನ್ನುತ್ತಾರೆ. ರಾತ್ರಿ ಹೊತ್ತು ಹಾವಿನ ಹೆಸರು ಎತ್ತುವುದುಂಟೇ? ಕಂಪ್ಯೂಟರಿನ ಮುಂದೆ ಪರಊರಿನ ಹುಡುಗ ಕೂತಿದ್ದಾನೆ ಅಂತಿಟ್ಟುಕೊಳ್ಳಿ. ಅವನು ‘ಹುಳ’ ಅಂತ ಹುಡುಕಿ ಬಿ82.0 ಒತ್ತಿದರೆ ಅದು ಹೊಟ್ಟೆಯ ಜಂತುಹುಳ. ಹಾವಿನ ವಿಷಕ್ಕೆ ಟಿ63.0. ಒಂದಕ್ಕೆ ಗುಳಗಿ ಸಾಕು, ಇನ್ನೊಂದಕ್ಕೆ ವಿಷ ಇಳಿಸುವ ಇಂಜೆಕ್ಷನ್ ಏರಿಸಬೇಕು. ಪಕ್ಕದಲ್ಲಿ ಆ ಮಾತನ್ನೂ ಇದ್ದಂತೆ ಬರೆದಿಟ್ಟಿದ್ದರೆ ಊರಿನ ನರ್ಸಮ್ಮ ನೋಡಿ, “ಏ ತಮ್ಮಾ, ಇದು ಆ ಹುಳಾ ಅಲ್ಲೋ” ಅಂದಾಳು.

ಇನ್ನು ಅಮೆರಿಕದವರು ಇದೇ ಐಸಿಡಿ-10 ಪಟ್ಟಿಯನ್ನು ಹಿಗ್ಗಿಸಿಕೊಂಡಿದ್ದಾರಲ್ಲ, ಅದರ ರಗಳೆಯೇ ಬೇರೆ. ಆಕಳು ಹಾಯ್ದರೆ ಡಬ್ಲ್ಯೂ55.22, ಕಚ್ಚಿದರೆ ಡಬ್ಲ್ಯೂ55.21. ಹಾಯುವುದು ನಮಗೂ ಗೊತ್ತು; ಕಚ್ಚುವ ಆಕಳನ್ನು ಜೇವರ್ಗಿ ಸಂತೆಯಲ್ಲಿ ತೋರಿಸಿದವರಿಗೆ ಚಹಾ ನನ್ನದು. ಅಲ್ಲಿ ಟರ್ಕಿ ಕೋಳಿ ಬಡಿದರೂ ಬೇರೆ ನಂಬರಂತೆ.

“ಯಾಕೋ ಮೈ ಸಡ್ಲ ಬಿದ್ದದ್ರೀ” ಅನ್ನುವ ಅಜ್ಜಿಗೂ ಮೂಲ ಪಟ್ಟಿಯಲ್ಲಿ ಜಾಗವಿದೆ, ಆರ್53. ಎಲ್ಲ ತಪಾಸಣೆ ಮುಗಿದು, ಡಾಕ್ಟರ್ ಸಾಹೇಬರು ಕನ್ನಡಕ ತೆಗೆದು, ಏನೂ ತಿಳೀವಲ್ದು ಅಂದರೆ? ಅದಕ್ಕೂ ಒಂದಿದೆ: ಆರ್69. ಅಜ್ಜಿ ಕಟ್ಟೆಗೆ ಬಂದು ಹೇಳಿಯೇ ಹೇಳುತ್ತಾಳೆ, “ನಂದು ಅರವತ್ತೊಂಬತ್ತದ ನೋಡ್ರೀ, ನಿಮ್ದೆಷ್ಟು?”