ದೊಡ್ಡಮ್ಮನಿಗೆ ಟೋಪಿ ಹಾಕಿದ್ದು

ಹೆಸರು ನೋಡಿ ಗಾಬರಿಯಾಗಬೇಡಿ. ಇದು ಮೋಸ ಮಾಡಿದ ಕಥೆಯಲ್ಲ, ನಿಜವಾದ ಟೋಪಿಯ ಕಥೆ. ತಲೆಗೆ ಹಾಕಿಕೊಳ್ಳೋದು, ಕೈಯಲ್ಲಿ ಹೆಣೆದದ್ದು. ಆದರೆ ಬರೆಯೋಕೆ ಕೂತಾಗ, ಆ ಇನ್ನೊಂದು ಅರ್ಥವೂ ಸ್ವಲ್ಪ ಸೇರಿಕೊಂಡಿದೆಯೇನೋ ಅಂತ ಅನ್ನಿಸ್ತಾ ಇದೆ...

ನನಗೆ ಹೆಣಿಗೆ ಕಲಿಸಿದ್ದು ದೊಡ್ಡಮ್ಮ. ನಾಲ್ಕನೇ ಕ್ಲಾಸಿನ ದಸರಾ ರಜೆ, ತೀರ್ಥಹಳ್ಳಿ ಹತ್ತಿರದ ಅವಳ ಮನೆಯ ಜಗಲಿ, ಹೊರಗೆ ಇನ್ನೂ ಬಿಡದ ಮಳೆ. ಹಳೇ ಸೈಕಲ್ ಚಕ್ರದ ಎರಡು ಕಡ್ಡಿಗಳನ್ನು ಕಲ್ಲಿಗೆ ಉಜ್ಜಿ ಮೊನೆ ಮಾಡಿ ಕೊಟ್ಟು, ಸೀದಾ ಒಂದು, ಉಲ್ಟಾ ಒಂದು ಅಂತ ಶುರು ಮಾಡಿಸಿದ್ದಳು. ನಮ್ಮ ಕುಟುಂಬದಲ್ಲಿ ಹುಟ್ಟಿದ ಯಾವ ಮಗುವೂ ದೊಡ್ಡಮ್ಮನ ಕುಲಾವಿ ಇಲ್ಲದೆ ತೊಟ್ಟಿಲು ಹತ್ತಿಲ್ಲ. ನಾನು ಹತ್ತಿದ್ದೂ ಹಾಗೇ.

ಅವಳಿಗೆ ಕೆಲವು ಕಟ್ಟುನಿಟ್ಟುಗಳಿದ್ದವು. ಕೂಸಿನ ಕಾಲುಚೀಲಕ್ಕೆ ತೂತು ತೂತಿನ ಡಿಸೈನ್ ಹಾಕಬಾರದು, ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತೆ. ಎರಡು ಬಣ್ಣದಲ್ಲಿ ಹೆಣೆದರೆ ಒಳಗಡೆ ದಾರ ಉದ್ದುದ್ದ ಜೋತುಬೀಳಬಾರದು, ಅದೂ ಬೆರಳಿಗಾಗಿಯೇ. ಕುಲಾವಿಗೆ ಕತ್ತಿನ ಹತ್ತಿರ ರಿಬ್ಬನ್ ಬೇಡ, ಗುಂಡಿ ಬೇಡ. ಮತ್ತೆ ಎಲ್ಲಕ್ಕಿಂತ ಮುಖ್ಯ, ಬಚ್ಚಲ ಒಲೆ ಮುಂದೆ ಕೂರಿಸಿ ಎಣ್ಣೆ ಹಚ್ಚುವ ಮಗುವಿಗೆ, ಸಾಂಬ್ರಾಣಿ ಹೊಗೆ ಹಾಕುವ ಮಗುವಿಗೆ 'ಪ್ಲಾಸ್ಟಿಕ್ ಉಲ್ಲನ್' ಬೇಡವೇ ಬೇಡ.

ಪ್ಲಾಸ್ಟಿಕ್ ಉಲ್ಲನ್ ಅಂದರೆ ಅಕ್ರಿಲಿಕ್. ನಾವು ಅಂಗಡಿಗೆ ಹೋಗಿ 'ಉಲ್ಲನ್ ಕೊಡಿ' ಅಂದರೆ ಬಹಳ ಸಲ ಕೈಗೆ ಸಿಗೋದು ಅದೇ. ಉಣ್ಣೆಯಲ್ಲ, ಪೆಟ್ರೋಲಿಯಂನಿಂದ ಮಾಡಿದ ದಾರ. ಕಂಡುಹಿಡಿಯೋದು ಸುಲಭ, ಎರಡಿಂಚು ದಾರ ಸುಟ್ಟು ನೋಡಿದರಾಯಿತು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೆಂಕಿ ದೂರ ಮಾಡಿದರೆ ತಾನೇ ಆರುತ್ತೆ, ಉಳಿದಿದ್ದನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತೆ. ಹತ್ತಿಯಾದರೆ ಕಾಗದದ ವಾಸನೆ, ಹಗುರ ಬೂದಿ. ಅಕ್ರಿಲಿಕ್ ಕರಗಿ, ತೊಟ್ಟಿಕ್ಕಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತೆ. ಆ ಕರಗಿದ್ದು ಚರ್ಮಕ್ಕೆ ಅಂಟಿದರೆ ಏನಾಗುತ್ತೆ ಅಂತ ಯೋಚಿಸಿ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ದೊಡ್ಡಮ್ಮ ಅಂಗಡಿಯ ಮುಂದೆಯೇ ಕಡ್ಡಿ ಗೀರಿ ಪರೀಕ್ಷೆ ಮಾಡುತ್ತಿದ್ದಳು. ಅವಳು ಮೆಟ್ಟಿಲು ಹತ್ತೋದು ಕಂಡರೆ ಅಂಗಡಿಯವರು ಬೆಂಕಿಪೊಟ್ಟಣ ಎತ್ತಿಡುತ್ತಿದ್ದರು ಅಂತ ದೊಡ್ಡಪ್ಪ ತಮಾಷೆ ಮಾಡುತ್ತಿದ್ದರು :-)

ಹಾಗಂತ ಅಕ್ರಿಲಿಕ್ ಕೆಟ್ಟದ್ದು ಅಂತಲ್ಲ. ಅಗ್ಗ, ಬಣ್ಣಗಳು ಬೇಕಾದಷ್ಟು, ನುಸಿ ತಿನ್ನಲ್ಲ, ಹೇಗೆ ಒಗೆದರೂ ತಡೆಯುತ್ತೆ. ಸ್ಕೂಲಿಗೆ ಹೋಗುವ ಹುಡುಗನ ಸ್ವೆಟರ್‌ಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ನನಗೆ ಕೈಗೆ ನಾಲ್ಕು ಕಾಸು ಬಂದಿದ್ದೇ ಅದರ ಮೇಲೆ ತಾತ್ಸಾರ ಬಂತು. ಮೆರಿನೋ ಕುರಿಯ ಉಣ್ಣೆ ತರಿಸಿಕೊಳ್ಳೋಕೆ ಶುರುಮಾಡಿದೆ. ಉಡುಗೊರೆ ಅಂದರೆ ದುಬಾರಿ ನೂಲು, ಕಷ್ಟದ ಡಿಸೈನ್, ಅಷ್ಟೇ ನನ್ನ ಲೆಕ್ಕ.

ಮೊದಲ ಪೆಟ್ಟು ಬಿದ್ದಿದ್ದು 2014ರಲ್ಲಿ. ಶಿಕಾಗೋದಲ್ಲಿದ್ದ ಗೆಳತಿಯ ಮಗುವಿಗೆ ಒಂದೂವರೆ ತಿಂಗಳು ಕೂತು ಮೆರಿನೋ ಸ್ವೆಟರ್ ಹೆಣೆದು ಕಳಿಸಿದೆ. ಅವಳು ಒಗೆಯುವ ಮಷೀನಿಗೂ, ಆಮೇಲೆ ಬಿಸಿಗಾಳಿಯ ಡ್ರೈಯರಿಗೂ ಹಾಕಿದಳು. ಅಳುಮುಖದ ಫೋಟೋ ಕಳಿಸಿದಳು, ಸ್ವೆಟರ್ ಬೊಂಬೆಗೆ ಆಗುವಷ್ಟಾಗಿತ್ತು. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಸಣ್ಣ ಪದರಗಳಿರುತ್ತವೆ. ನೀರು, ಬಿಸಿ, ಕುಲುಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಮತ್ತೆ ಬಿಡಿಸೋಕೆ ಆಗಲ್ಲ. ಮಷೀನಿಗೆ ಹಾಕಬಹುದಾದ ಉಣ್ಣೆಯೂ ಸಿಗುತ್ತೆ, ಆ ಹುರುಪೆಗಳನ್ನು ಕ್ಲೋರಿನ್‌ನಿಂದ ಸವೆಸಿಯೋ, ತೆಳ್ಳಗೆ ರಾಳದಂಥದ್ದು ಲೇಪಿಸಿಯೋ ಮಾಡಿರುತ್ತಾರೆ. ಪುಟ್ಟ ಕೂಸು ಇರುವ ಮನೆಯಲ್ಲಿ ಯಾರಿಗೆ ಕೂತು ಕೈಯಲ್ಲಿ ಒಗೆಯೋಕೆ ಪುರುಸೊತ್ತು? ಕೇಳಿ ನೂಲು ಆರಿಸಬೇಕಿತ್ತು. ಕೇಳಲಿಲ್ಲ. ಆದರೂ ತಪ್ಪು ಅವಳದ್ದೇ ಅಂತ ತುಂಬಾ ದಿನ ಮನಸ್ಸಲ್ಲೇ ಬೈದುಕೊಂಡಿದ್ದೆ.

ಎರಡನೇದು 2022ರ ಮಳೆಗಾಲದಲ್ಲಿ. ದೊಡ್ಡಮ್ಮನಿಗೆ ಸ್ತನದ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಆಗಿ, ಕೀಮೋ ಶುರುವಾಗಿ, ಬೆಂಗಳೂರಿನ ನಮ್ಮ ಮನೆಯಲ್ಲೇ ಉಳಿದುಕೊಂಡಿದ್ದಳು. ಮೂರು ವಾರಕ್ಕೊಂದು ಸಲ ಆಸ್ಪತ್ರೆ. ಮೊದಲ ಸಲದ ಔಷಧಿ ಆಗಿ ಎರಡು ವಾರ ಕಳೆದಿರಬೇಕು, ದಿಂಬಿನ ಮೇಲೆ ಕೂದಲು ಕಾಣಿಸೋಕೆ ಶುರುವಾಯಿತು. ಆಗಿನಿಂದ ನಾನು ರಾತ್ರಿ ಬಾಗಿಲು ಹಾಕಿಕೊಂಡು ಗುಟ್ಟಾಗಿ ಟೋಪಿ ಹೆಣೆಯತೊಡಗಿದೆ. ನವಿಲುಗರಿ ಬಣ್ಣದ ಮೆರಿನೋ. (ಉಂಡೆಯ ಬೆಲೆ ಇಲ್ಲಿ ಬರೆಯಲ್ಲ, ಅವಳ ಕಿವಿಗೆ ಬಿದ್ದರೆ ಇವತ್ತೂ ಬೈತಾಳೆ.) ನನಗೆ ಬರುವ ಅತ್ಯಂತ ಕಷ್ಟದ ಕೆಲಸ ಜಡೆ ಡಿಸೈನ್. ನಾಲ್ಕು ಹೊಲಿಗೆಯನ್ನು ಮೂರನೇ ಕಡ್ಡಿಗೆ ಹಾಕಿ ಮುಂದೆ ಹಿಡಿದು, ಮುಂದಿನ ನಾಲ್ಕನ್ನು ಮೊದಲು ಹೆಣೆದು, ಆಮೇಲೆ ಹಿಡಿದಿದ್ದನ್ನು ಹೆಣೆಯೋದು. ಹಗ್ಗ ಹೊಸೆದ ಹಾಗೆ ಎದ್ದು ಬರುತ್ತೆ. ಟೋಪಿಯ ಸುತ್ತಲೂ ಅಂಥ ಜಡೆಗಳು.

ತಲೆ ಪೂರ್ತಿ ಬೋಳಾದ ದಿನ ಕೊಟ್ಟೆ. ದೊಡ್ಡಮ್ಮ ತಿರುಗಿಸಿ ಮುರುಗಿಸಿ ನೋಡಿದಳು, ಒಂದೊಂದು ಜಡೆಯ ಮೇಲೂ ಬೆರಳಾಡಿಸಿದಳು. "ಜಡೆ ಚೆನ್ನಾಗಿ ಬಂದಿದೆ ಪುಟ್ಟಿ" ಅಂದಳು. ಸೊಂಟದ ತನಕ ಜಡೆ ಇದ್ದವಳು ಅವಳು. ಅವಳ ಬಾಯಿಂದ ಆ ಶಬ್ದ ಬರುವ ತನಕ ನನಗೆ ಹೊಳೆದೇ ಇರಲಿಲ್ಲ, ನಂಬ್ತೀರಾ? ಮೂರು ವಾರ ದಿನಾ ರಾತ್ರಿ ಕೂತು ಜಡೆ ಹೆಣೆದಿದ್ದೀನಿ, ಕೂದಲು ಹೋದವಳಿಗೆ.

ಆ ದಿನ ಹಾಕಿಕೊಂಡಳು. ಮಾರನೇ ದಿನ ನೋಡಿದರೆ ಹಳೇ ಕಾಟನ್ ಸೀರೆಯ ತುಂಡು ಕಟ್ಟಿಕೊಂಡಿದ್ದಾಳೆ. ಅದರ ಮಾರನೇ ದಿನವೂ. ಯಾರಾದರೂ ನೋಡೋಕೆ ಬಂದರೆ ಮಾತ್ರ ಟೋಪಿ, ಅವರು ಗೇಟು ದಾಟಿದ ಕೂಡಲೇ ಸೀರೆ ತುಂಡು. ನಾಲ್ಕೈದು ದಿನ ತಡೆದು ಕೇಳಿಯೇಬಿಟ್ಟೆ. "ಚುಚ್ಚುತ್ತೆ ಮಾರಾಯ್ತಿ. ಮಲಗಿದರೆ ಒತ್ತುತ್ತೆ. ಅಲ್ಲದೇ ಕಣ್ಣಿನ ಮೇಲೆ ಇಳೀತದೆ. ನೀನು ಅಷ್ಟು ಕಷ್ಟಪಟ್ಟಿದ್ದೀಯ, ಹೇಳೋದು ಹೇಗೆ ಅಂತ ಸುಮ್ಮನಿದ್ದೆ" ಅಂದಳು.

ಮೂರಕ್ಕೂ ಕಾರಣ ಇತ್ತು, ಹೆಣಿಗೆ ಬಲ್ಲವಳಾಗಿ ನನಗೆ ಮೊದಲೇ ಗೊತ್ತಿರಬೇಕಿತ್ತು. ಉಣ್ಣೆ ಚುಚ್ಚೋದು ಎಳೆಯ ದಪ್ಪದಿಂದ. 30 ಮೈಕ್ರಾನ್‌ಗಿಂತ ದಪ್ಪದ ಎಳೆಯ ತುದಿ ಬಾಗೋ ಬದಲು ಚರ್ಮಕ್ಕೆ ನಾಟುತ್ತೆ. ನಮ್ಮ ದಖ್ಖನಿ ಕುರಿಯ ಕಂಬಳಿ ಒರಟಾಗಿರೋದು ಅದಕ್ಕೇ. ಅಜ್ಜ ಅಂಗಿ ಮೇಲೆ ಹೊದ್ದು ಮಳೆಯಲ್ಲಿ ತೋಟಕ್ಕೆ ಹೋಗುತ್ತಿದ್ದರು, ಅದಕ್ಕೆ ಅದು ಸರಿ, ಬರಿ ಮೈಗಲ್ಲ. ಮೆರಿನೋ ಎಳೆ ಅದಕ್ಕಿಂತ ಬಹಳ ನವಿರು, ನನ್ನ ಕತ್ತಿಗೆ ಸುತ್ತಿಕೊಂಡರೆ ಏನೂ ಅನ್ನಿಸಲ್ಲ. ಆದರೆ ಕೀಮೋದಲ್ಲಿ ನೆತ್ತಿಯ ಚರ್ಮ ಮುಟ್ಟಿದರೆ ನೋಯುವಷ್ಟು ಸೂಕ್ಷ್ಮವಾಗಿರುತ್ತೆ. ನನ್ನ ಕತ್ತಿನ ಪರೀಕ್ಷೆ ಅವಳ ತಲೆಗೆ ಏನು ಉಪಯೋಗ? ಇನ್ನು ಒತ್ತೋದು: ಜಡೆಯ ಉಬ್ಬು ಒಂದು, ಎರಡು ಕಡ್ಡಿಯಲ್ಲಿ ಚಪ್ಪಟೆಯಾಗಿ ಹೆಣೆದು ಹಿಂದೆ ಜೋಡಿಸಿದ ಹೊಲಿಗೆ ಇನ್ನೊಂದು. ಮಲಗಿದಾಗ ಸರಿಯಾಗಿ ತಲೆಯ ಹಿಂಭಾಗಕ್ಕೇ ಬರುತ್ತೆ. ಕಣ್ಣಿನ ಮೇಲೆ ಇಳಿಯೋದಕ್ಕೆ ಕಾರಣ, ನಾನು ಕೂದಲಿದ್ದ ತಲೆಯ ಅಂದಾಜಿನಲ್ಲಿ ಹೆಣೆದಿದ್ದೆ. 55 ಸೆಂಟಿಮೀಟರ್ ಇರಬಹುದು ಅಂದುಕೊಂಡಿದ್ದೆ. ಈಗ ಟೇಪು ಹಿಡಿದು ಅಳೆದರೆ 53 ಇತ್ತು.

ಈ ಸಲ ಗುಟ್ಟು ಬೇಡ ಅಂತ ಅವಳ ಎದುರಿಗೇ ಕೂತೆ. ಯಾವ ನೂಲು ಅಂತ ಅವಳೇ ಹೇಳಿದಳು, ಹತ್ತಿ. ಮನೆಯಲ್ಲಿದ್ದ ಕ್ರೋಶಾ ದಾರ ತೋರಿಸಿದೆ, ಕೆನ್ನೆಗೆ ಉಜ್ಜಿ ನೋಡಿ ಬೇಡ ಅಂದಳು. ಹೊಳಪು ಚೆಂದ, ಆದರೆ ಬಿಗಿಯಾಗಿ ಹೊಸೆದಿರೋದು, ಗಟ್ಟಿ. ಕೊನೆಗೆ ಹತ್ತಿ ಮತ್ತು ಬಿದಿರು ಬೆರೆಸಿದ್ದು ಸಿಕ್ಕಿತು. ಬಿದಿರು ಅನ್ನೋದು ಹೆಸರಿಗಷ್ಟೇ, ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ರೇಯಾನ್ ಅದು, ಲೇಬಲ್ಲಿನ ಮೇಲೆ ಹಸಿರು ಎಲೆಯ ಚಿತ್ರ ನೋಡಿ ಮರುಳಾಗಬೇಡಿ. ಆದರೆ ಮೆತ್ತಗಿರೋದು, ತಣ್ಣಗಿರೋದು ನಿಜ.

ಹತ್ತಿಯ ಕಷ್ಟ ಏನೆಂದರೆ ಅದಕ್ಕೆ ಉಣ್ಣೆಯ ಹಾಗೆ ಎಳೆದರೆ ವಾಪಸ್ ಬರುವ ಗುಣ ಇಲ್ಲ. ಹಾಕಿ ಹಾಕಿ ಸಡಿಲವಾಗುತ್ತೆ, ಒದ್ದೆಯಾದರೆ ಭಾರಕ್ಕೆ ಉದ್ದವಾಗುತ್ತೆ. ಅದಕ್ಕೆ ಕಡ್ಡಿ ಸಣ್ಣದು ಬೇಕು. ಉಣ್ಣೆಗೆ 8ನೇ ನಂಬರ್ ಹಿಡಿಯುವವಳು ಇದಕ್ಕೆ 10 ಹಿಡಿದೆ, ಅಂದರೆ 4 ಮಿ.ಮೀ. ಬದಲು 3.25. ನಮ್ಮಲ್ಲಿ ಈಗಲೂ ಹಳೇ ಇಂಗ್ಲೆಂಡಿನ ಲೆಕ್ಕ, ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. ಅಮೆರಿಕದ್ದು ಉಲ್ಟಾ, ಇದೇ 3.25ಕ್ಕೆ ಅವರು 3 ಅನ್ನುತ್ತಾರೆ. ಅಲ್ಲಿಯ ಪ್ಯಾಟರ್ನ್ ನೋಡಿ ಹೆಣೆಯುವವರು ನಂಬರ್ ಬಿಟ್ಟು ಮಿಲಿಮೀಟರ್ ನೋಡಿ. ನಾನು ಒಮ್ಮೆ ಆನೆಗೆ ಆಗುವಂಥ ಕೈಗವಸು ಮಾಡಿದ್ದೀನಿ.

ಮೊದಲು ಅಂಗೈಯಗಲ ಹೆಣೆದು, ಒಗೆದು, ಒಣಗಿಸಿ ಅಳೆದೆವು. 10 ಸೆಂಟಿಮೀಟರಿಗೆ 24 ಹೊಲಿಗೆ. 53ರ ತಲೆಗೆ ಸುಮಾರು 5 ಕಮ್ಮಿ ಮಾಡಿ 48 ಅಂದರೆ 115 ಹೊಲಿಗೆ. ಹತ್ತಿ ಹೇಗೂ ಸಡಿಲವಾಗುತ್ತೆ ಅಂತ 112ಕ್ಕೆ ನಿಲ್ಲಿಸಿದೆವು. ಎರಡು ಸೀದಾ ಎರಡು ಉಲ್ಟಾ ಬಾರ್ಡರಿಗೆ ನಾಲ್ಕರಿಂದಲೂ, ನೆತ್ತಿಗೆ ಎಂಟರಿಂದಲೂ ಭಾಗವಾಗಬೇಕಲ್ಲ. ಮೊದಲ ಸಾಲಿನ ಹೊಲಿಗೆ ಹಾಕುವಾಗ ಎರಡು ಕಡ್ಡಿ ಜೋಡಿಸಿ ಹಿಡಿದು ಅದರ ಮೇಲೆ ಹಾಕಿ, ಆಮೇಲೆ ಒಂದನ್ನು ಎಳೆದುಬಿಡೋದು ದೊಡ್ಡಮ್ಮನ ಹಳೇ ಉಪಾಯ, ಅಂಚು ಹಣೆಗೆ ಬಿಗಿಯಲ್ಲ. ಉದ್ದ ತಂತಿಯ ದುಂಡು ಕಡ್ಡಿಯಲ್ಲಿ ಸುತ್ತ ಹೆಣೆದದ್ದರಿಂದ ಜೋಡಣೆ ಹೊಲಿಗೆಯೇ ಇಲ್ಲ. ಕಿವಿ ಮುಚ್ಚುವಷ್ಟು, 13 ಸೆಂಟಿಮೀಟರ್ ನೇರ. ಆಮೇಲೆ ಸುತ್ತು ಬಿಟ್ಟು ಸುತ್ತಿಗೆ ಎಂಟು ಕಡೆ ಎರಡೆರಡು ಹೊಲಿಗೆ ಸೇರಿಸಿ ಹೆಣೆಯುತ್ತಾ ಹೋದರೆ, ಹಾಗೆ ಹದಿಮೂರು ಸಲ ಆದ ಮೇಲೆ ಎಂಟೇ ಹೊಲಿಗೆ ಉಳಿಯುತ್ತವೆ. ಅದರೊಳಗೆ ದಾರ ಎಳೆದು ಬಿಗಿದರೆ ಮುಗೀತು. ಡಿಸೈನ್ ಏನೂ ಇಲ್ಲ. ಬರೀ ಸೀದಾ.

ಕೊಟ್ಟ ಕೂಡಲೇ ದೊಡ್ಡಮ್ಮ ಏನು ಮಾಡಿದಳು ಗೊತ್ತಾ? ಒಳಗಿನದ್ದು ಹೊರಗೆ ಮಾಡಿ ಹಾಕಿಕೊಂಡಳು! ಸೀದಾ ಹೆಣಿಗೆಯ ಮುಂಭಾಗ ನುಣುಪು, ಹಿಂಭಾಗ ಉಬ್ಬುಬ್ಬು. "ನುಣುಪು ನನಗಿರಲಿ, ಉಬ್ಬು ನೋಡೋರಿಗಿರಲಿ" ಅಂದಳು. ನಾನು ದಾರದ ತುದಿಗಳನ್ನೆಲ್ಲ ಒಳಗೆ ಅಚ್ಚುಕಟ್ಟಾಗಿ ಮುಚ್ಚಿಟ್ಟಿದ್ದೆ, ಅವು ಈಗ ಹೊರಗೆ ಬಂದವು. ಬಿಚ್ಚಿ ಮತ್ತೆ ಆ ಕಡೆಗೆ ಸಿಕ್ಕಿಸಬೇಕಾಯಿತು. ಮಳೆಗಾಲದಲ್ಲಿ ಬಟ್ಟೆ ಒಣಗಲ್ಲ ಅಂತ ಮೂರು ಟೋಪಿ ಆದವು: ಒಂದು ತಲೆಗೆ, ಒಂದು ಬಕೆಟ್ಟಿಗೆ, ಒಂದು ಫ್ಯಾನಿನ ಕೆಳಗೆ ಟವೆಲ್ ಮೇಲೆ. ಹಗ್ಗಕ್ಕೆ ಹಾಕಿದರೆ ಜೋತುಬೀಳುತ್ತೆ.

ನವಿಲುಗರಿ ಬಣ್ಣದ ಟೋಪಿ ಬೀರುವಿನಲ್ಲೇ ಇತ್ತು. ಒಂದು ಮಧ್ಯಾಹ್ನ ಆಫೀಸಿನಿಂದ ಬೇಗ ಬಂದರೆ ದೊಡ್ಡಮ್ಮ ಅದನ್ನು ಬಿಚ್ಚುತ್ತಾ ಕೂತಿದ್ದಾಳೆ. ನನ್ನ ಎದೆ ಧಸಕ್ಕೆಂದಿತು. ಕೇಳದೇ ಬಿಚ್ಚಿದ್ದಕ್ಕೆ ಸಿಟ್ಟೂ ಬಂತು, ಸುಳ್ಳು ಹೇಳಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ದಾರ ಕಟ್ಟಿ, ತಣ್ಣೀರಲ್ಲಿ ಅದ್ದಿ, ಬಾತ್‌ರೂಮಿನ ನಲ್ಲಿಗೆ ನೇತುಹಾಕಿ, ಕೆಳಗೆ ಹಿತ್ತಾಳೆಯ ಸೌಟು ಕಟ್ಟಿದಳು. ಸುರುಳಿ ಸುರುಳಿಯಾಗಿದ್ದ ನೂಲು ಮಾರನೇ ಬೆಳಿಗ್ಗೆಗೆ ನೆಟ್ಟಗಾಗಿತ್ತು. "ಇಷ್ಟು ಒಳ್ಳೇ ಉಣ್ಣೆ ಬೀರು ಬೆಚ್ಚಗೆ ಮಾಡೋಕಾ? ನಿನ್ನ ಕಾಲು ಯಾವಾಗಲೂ ತಣ್ಣಗಿರ್ತವೆ" ಅಂದಳು.

ಆಗ ಅವಳ ಬೆರಳ ತುದಿಗಳೆಲ್ಲ ಜೋಮು. ಆ ಔಷಧಿಗಳಲ್ಲಿ ಕೆಲವು ನರಗಳಿಗೂ ತಾಗುತ್ತವೆ. ಹೊಲಿಗೆ ಜಾರಿದ್ದು ಬೆರಳಿಗೆ ತಿಳಿಯುತ್ತಿರಲಿಲ್ಲ, ಕಣ್ಣಲ್ಲೇ ನೋಡಿ ಎತ್ತಿಕೊಳ್ಳಬೇಕಿತ್ತು. ಎಷ್ಟು ಸಾಲಾಯಿತು ಅಂತ ಮರೆಯುತ್ತೆ ಅಂತ ಸಾಲಿಗೊಂದು ಹುಣಿಸೆ ಬೀಜ ತಟ್ಟೆಗೆ ಹಾಕುತ್ತಿದ್ದಳು. ಕಾಲುಚೀಲ ಮುಗಿಯೋಕೆ ಎರಡು ತಿಂಗಳು ಹಿಡಿಯಿತು. ಎಡಗಾಲಿನದು ಬಲಗಾಲಿನದಕ್ಕಿಂತ ಒಂದಿಂಚು ಉದ್ದ. ನನ್ನ ಮಗ ಯಾವಾಗಲೋ ನಾಲ್ಕು ಬೀಜ ತೆಗೆದು ಆಡೋಕೆ ಒಯ್ದಿದ್ದ ಅಂತ ಆಮೇಲೆ ಗೊತ್ತಾಯಿತು.

ಈಗ ದೊಡ್ಡಮ್ಮ ಊರಲ್ಲಿದ್ದಾಳೆ. ಕೂದಲು ವಾಪಸ್ ಬಂದಿದೆ, ಮೊದಲಿಗಿಂತ ಗುಂಗುರು. ಆ ಮೂರು ಟೋಪಿಗಳು ತೊಳೆದು ತೊಳೆದು ಜಾಳಾಗಿ, ಒಂದು ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಹಿಡಿಯೋಕೆ ಹೋಗಿದೆಯಂತೆ. ನನ್ನ ಕಾಲುಚೀಲದ ಹಿಮ್ಮಡಿ ಈ ಚಳಿಗಾಲದಲ್ಲಿ ಸವೆದು ತೂತಾಯಿತು. ಬರೀ ಮೆರಿನೋದಲ್ಲಿ ಕಾಲುಚೀಲ ಹೆಣೆದರೆ ಹಾಗೇ, ಗಟ್ಟಿಗೆ ಸ್ವಲ್ಪ ನೈಲಾನ್ ಬೆರೆತಿರಬೇಕು. ರಫೂ ಮಾಡೋಕೆ ಅದೇ ನವಿಲುಗರಿ ಬಣ್ಣದ ನೂಲು ಹುಡುಕ್ತಾ ಇದ್ದೀನಿ, ಎಲ್ಲೂ ಸಿಕ್ಕಿಲ್ಲ. ಫೋನಲ್ಲಿ ಹೇಳಿದೆ. "ಕೆಂಪು ಹಾಕು, ಹಿಮ್ಮಡಿ ಯಾರು ನೋಡ್ತಾರೆ" ಅಂದಳು.