ಹೆಗಲು ಮುಟ್ಟಿ ನೋಡಿಕೊಂಡವರು

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಾದೆ ಅಂತ ಬಾಯಿಪಾಠ ಮಾಡಿಸಿ ಇದರ ರುಚಿ ಕೆಡಿಸಿಟ್ಟಿದ್ದೇವೆ. ನಿಜಕ್ಕೂ ಇದೊಂದು ಪೂರಾ ಪತ್ತೇದಾರಿ ಕತೆ. ಕಳವಾಗಿದೆ, ಜನ ನೆರೆದಿದ್ದಾರೆ, ಎಲ್ಲರ ಮುಖವೂ ಸಾಚಾ. ಪೊಲೀಸರಿಲ್ಲ, ನೆತ್ತರಿಲ್ಲ, ಬೆರಳಚ್ಚಿಲ್ಲ. ಬೂದುಗುಂಬಳ ಹೊತ್ತವನ ಹೆಗಲಿಗೆ ಬೂದಿ ಅಂಟುತ್ತದೆ ಅಂತ ಬಲ್ಲ ಯಾರೋ ಒಬ್ಬರು ಗುಂಪಿನಿಂದ ಕೂಗಿದರು, ಒಬ್ಬನ ಕೈ ಹೆಗಲಿಗೆ ಹೋಯಿತು, ಕೇಸು ಇತ್ಯರ್ಥ. ನನ್ನ ಕುತೂಹಲವೆಲ್ಲ ಕೂಗಿದವರ ಮೇಲೆ. ಗಾದೆಯಲ್ಲಿ ಅವರ ಸುದ್ದಿಯೇ ಇಲ್ಲ. ಹೆಂಗಸೇ ಇರಬೇಕು ಅಂತ ನನ್ನ ಗುಮಾನಿ. ಕಾಯಿ ಹೆಚ್ಚಲು ಕೂತು ಸೀರೆಗೆಲ್ಲ ಬೂದಿ ಮಾಡಿಕೊಂಡವರಿಗೆ ಮಾತ್ರ ಹೊಳೆಯುವ ಉಪಾಯ ಅದು.

ಇಂಥ ಕತೆಗಳ ಹುಚ್ಚು ನನಗೆ. ಓದುವುದೂ ಉಂಟು, ಲೋಕಲ್ ರೈಲಿನಲ್ಲಿ ಕೂತು ಕಟ್ಟುವುದೂ ಉಂಟು.

ಕನ್ನಡದಲ್ಲಿ ಓದಲು ಕಲಿತ ನನ್ನ ವಯಸ್ಸಿನವರಿಗೆ ಪತ್ತೇದಾರಿ ಎಂದರೆ ಎನ್. ನರಸಿಂಹಯ್ಯ. ಶಾಲೆ ಓದಿದ್ದು ನಾಲ್ಕನೇ ತರಗತಿವರೆಗೆ. 1952ರಲ್ಲಿ ‘ಪತ್ತೇದಾರ ಪುರುಷೋತ್ತಮನ ಸಾಹಸ’ದಿಂದ ಶುರುವಿಟ್ಟುಕೊಂಡು ನೂರಾರು ಕಾದಂಬರಿ ಬರೆದು ಬಿಸಾಕಿದರು. ಆ ಕಾಲದ ಇನ್ನೊಬ್ಬ ಪತ್ತೇದಾರಿ ಕಾದಂಬರಿಕಾರ ಮ. ರಾಮಮೂರ್ತಿಯವರು ನಮಗೆ ಕೆಂಪು-ಹಳದಿ ಬಾವುಟವನ್ನೂ ಕೊಟ್ಟು ಹೋದರು. ಇವರೆಲ್ಲರ ಋಣ ನನ್ನ ಮೇಲಿದೆ. ಆದರೆ ಆ ಪುರುಷೋತ್ತಮರು ಕೊನೆಗೂ ವೃತ್ತಿನಿರತರು. ಅವರಿಗೆ ಮಾರುವೇಷ ಗೊತ್ತು, ಹೊಡೆದಾಟ ಗೊತ್ತು. ನನಗೆ ಬೇಕಾದ್ದು ಪತ್ತೆ ಮಾಡಲು ಯಾರೂ ನೇಮಿಸದವರು; ತಮ್ಮ ಪಾಡಿಗೆ ಬೀನ್ಸ್ ನಾರು ತೆಗೆಯುತ್ತ ಕೂತು, ಊರ ಉಸಾಬರಿಯನ್ನು ತಲೆಮೇಲೆ ಹಾಕಿಕೊಳ್ಳುವವರು.

ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಮೊದಲು ಕಾಣಿಸಿಕೊಂಡದ್ದು ಕಾದಂಬರಿಯಲ್ಲಲ್ಲ, 1927ರ ಒಂದು ಸಣ್ಣಕತೆಯಲ್ಲಿ. ಮಂಗಳವಾರ ರಾತ್ರಿ ಒಂದಷ್ಟು ಜನ ಸೇರಿ, ಒಬ್ಬೊಬ್ಬರು ಒಂದೊಂದು ಬಿಡಿಸದ ಒಗಟು ಹೇಳಬೇಕೆಂದು ಕೂಟ ಕಟ್ಟುತ್ತಾರೆ. ಅವರಲ್ಲಿ ಪೊಲೀಸ್ ಕಮಿಷನರ್ ಆಗಿದ್ದವನಿದ್ದಾನೆ, ವಕೀಲನಿದ್ದಾನೆ, ಲೇಖಕನಿದ್ದಾನೆ. ಮೂಲೆಯಲ್ಲಿ ಉಲನ್ ಹೆಣೆಯುತ್ತಿರುವ ಅಜ್ಜಿಯನ್ನು ಲೆಕ್ಕಕ್ಕೇ ಇಟ್ಟಿರುವುದಿಲ್ಲ. ಉತ್ತರ ಹೇಳುವುದು ಅಜ್ಜಿ. ಅದೂ ಹೇಗೆ? ನಮ್ಮ ಹಳ್ಳಿಯಲ್ಲೂ ಇಂಥವನೊಬ್ಬ ಇದ್ದ ಅಂತ. ಅಷ್ಟೇ ಅವಳ ವಿಜ್ಞಾನ. ಹರಟೆಯನ್ನು ಇಷ್ಟು ಗೌರವದಿಂದ ಕಂಡ ಸಾಹಿತ್ಯ ಪ್ರಕಾರ ಇನ್ನೊಂದಿಲ್ಲ.

ನಮ್ಮಲ್ಲಿ ಇದಕ್ಕೆ ತೀರ ಹತ್ತಿರ ಬಂದವರು ತೇಜಸ್ವಿ. ಪತ್ತೇದಾರ ಅಂಗಾಡಿ ಕೆಸರೂರಿಗೆ ಬಂದಿಳಿದ ಮೇಲೆ ಆ ಊರಿನ ವದಂತಿಗಳ ಕೆಸರಲ್ಲಿ ಕಾಲು ಹುಗಿಯುವ ‘ಚಿದಂಬರ ರಹಸ್ಯ’ವನ್ನು ನಾನು ಈಗಲೂ ನಗಲೆಂದೇ ತೆರೆಯುತ್ತೇನೆ. ಅದರ ಕೊನೆ ಮಾತ್ರ ನಗುವಂಥದ್ದಲ್ಲ, ಬಿಡಿ.

ಮುಂಬಯಿ ಲೋಕಲ್ ದಾರಿಯ ನಮ್ಮ ಅಂಬರನಾಥದಲ್ಲಿ ಕೂತು ರೋಮಾಂಚಕ ಪತ್ತೇದಾರಿ ಬರೆಯುವವರಿಗೆ ಸರಂಜಾಮಿನ ಕೊರತೆಯಿಲ್ಲ. ವಿಮ್ಕೊ ಬೆಂಕಿಪೊಟ್ಟಣದ ಹೆಸರಿನ ನಾಕಾ ಇದೆ, ಸೈನ್ಯಕ್ಕೆ ಮದ್ದುಗುಂಡಿನ ಸಾಮಾನು ಮಾಡುವ ಆರ್ಡ್‌ನೆನ್ಸ್ ಫ್ಯಾಕ್ಟರಿ ಇದೆ, ಕೆಮಿಕಲ್ ಕಂಪನಿಗಳ ಸಾಲೇ ಇದೆ. ನನಗೆ ಅವು ಯಾವುವೂ ಬೇಡ. ಒಂದು ಹೌಸಿಂಗ್ ಸೊಸೈಟಿ ಸಾಕು. ಯಾರ ಬಾಗಿಲಲ್ಲಿ ಎಷ್ಟು ಜೊತೆ ಚಪ್ಪಲಿ, ಯಾರ ಮನೆಯ ಹಾಲಿನ ಪಾಕೀಟು ಎಂಟಾದರೂ ಚೀಲದಲ್ಲೇ ಉಳಿದಿದೆ, ನೀರು ಬರುವ ಹೊತ್ತಿಗೆ ಯಾರು ಮನೆಯಲ್ಲಿರಲಿಲ್ಲ, ಇವೆಲ್ಲ ಕೇಳದೆಯೇ ಗೊತ್ತಾಗುವ ಊರು ಇದು. ಮಾರ್ಪಲ್ಲಳ ಹಳ್ಳಿಯನ್ನು ಎತ್ತಿ ನಾಲ್ಕು ಮಹಡಿಯಾಗಿ ಪೇರಿಸಿದರೆ ನಮ್ಮ ಕಟ್ಟಡ.

ಲೋಕಲ್‌ನ ಲೇಡೀಸ್ ಡಬ್ಬಿಯಂತೂ ಪತ್ತೇದಾರಿಯ ಗರಡಿಮನೆ. ಅಂಬರನಾಥದಿಂದಲೇ ಹೊರಡುವ ಗಾಡಿ ಸಿಕ್ಕಿದ ದಿನ ಸರಿ. ಕರ್ಜತ್ ಕಡೆಯಿಂದ ತುಂಬಿ ಬಂದ ಗಾಡಿಯಾದರೆ ಮೂವರ ಬೆಂಚಿನ ತುದಿಗೆ ಆತುಕೊಳ್ಳುವ ಫೋರ್ತ್ ಸೀಟಿಗೂ ಬುದ್ಧಿ ಖರ್ಚು ಮಾಡಬೇಕು. ಯಾರು ಎಲ್ಲಿ ಇಳಿಯುತ್ತಾರೆ ಎಂದು ಬಾಯಿಬಿಟ್ಟು ಕೇಳುವವರು ಹೊಸಬರು. ಹಳಬರು ಕೈ ನೋಡುತ್ತಾರೆ. ಮುಂಬ್ರಾ ದಾಟುವ ಹೊತ್ತಿಗೆ ಇಯರ್‌ಫೋನ್ ಸುತ್ತಿಡುತ್ತಿದ್ದರೆ ಥಾಣೆ. ಲಿಪ್‌ಸ್ಟಿಕ್ ಹೊರಬಂದಿತೋ, ಘಾಟ್ಕೋಪರ್. ಮುಂದೆ ಮೆಟ್ರೋದಲ್ಲಿ ಅದಕ್ಕೆ ಕನ್ನಡಿ ಹಿಡಿಯುವಷ್ಟು ಜಾಗ ಇರುವುದಿಲ್ಲ. ಸಂಜೆ ಮರಳುವಾಗ ಮೆಂತ್ಯಸೊಪ್ಪು ಬಿಡಿಸುತ್ತಿರುವಾಕೆಯ ಎದುರು ಮಾತ್ರ ಆಸೆ ಇಟ್ಟು ನಿಲ್ಲಬಾರದು, ಕಟ್ಟು ಮುಗಿಯುವವರೆಗೆ ಅವಳು ಏಳುವವಳಲ್ಲ.

ಈ ಡಬ್ಬಿಯಲ್ಲಿ ನಮ್ಮದೊಂದು ಗುಂಪು. ಬದ್ಲಾಪುರದ ಮರಾಠಿಯಾಕೆ ಸಣ್ಣವಳಿದ್ದಾಗ ಭಾ. ರಾ. ಭಾಗವತರ ‘ಫಾಸ್ಟರ್ ಫೇಣೆ’ ಓದಿ ಬೆಳೆದವಳು. ಸೈಕಲ್ ಮೇಲೆ ಕಳ್ಳರ ಬೆನ್ನು ಹತ್ತುವ ಆ ಹುಡುಗನ ‘ಟ್ಟಾಕ್’ ಅನ್ನುವ ಸದ್ದನ್ನು ಅವಳು ಈಗಲೂ ಟಿಕೆಟ್ ಚೆಕ್ಕರ್ ಕಂಡಾಗ ಹೊರಡಿಸುತ್ತಾಳೆ. ಡೊಂಬಿವಲಿಯಲ್ಲಿ ಹತ್ತುವಾಕೆ ಧಾರವಾಡದವಳು, ಎಲ್ಲರ ಮೇಲೂ ಅನುಮಾನ. ಒಬ್ಬರು ಕತೆ ಹೇಳುವುದು, ಉಳಿದವರು ದಾದರ್ ಬರುವುದರೊಳಗೆ ಕಳ್ಳನನ್ನು ಹಿಡಿಯುವುದು. ಶರತ್ತು ಎರಡು: ಕೊಲೆ ಇರಕೂಡದು, ಹೇಳಿದ ಮೇಲೆ ‘ಇದು ನಮಗೆ ಹೇಳಲೇ ಇಲ್ಲ’ ಅಂತ ಯಾರೂ ಜಗಳ ತೆಗೆಯುವಂತಿರಬಾರದು. ಸುಳಿವೆಲ್ಲ ಕಣ್ಣೆದುರೇ ಬಿದ್ದಿರಬೇಕು.

ಎರಡನೆಯದೇ ಕಷ್ಟದ್ದು. ಎದುರಿಗಿಟ್ಟೂ ಕಾಣಿಸದಂತೆ ಮಾಡುವುದು ಹೇಗೆ?

ಅದನ್ನು ನಾನು ಕಲಿತದ್ದು ಕಾನನ್ ಡಾಯ್ಲ್ 1891ರಲ್ಲಿ ಬರೆದ ಕೆಂಪುಗೂದಲಿನವರ ಸಂಘದ ಕತೆಯಿಂದ. ಗಿರವಿ ಅಂಗಡಿಯ ಸಾಹುಕಾರನೊಬ್ಬನಿಗೆ ಕೂದಲು ಕೆಂಪಗಿದೆ ಅನ್ನುವ ಒಂದೇ ಕಾರಣಕ್ಕೆ ವಾರಕ್ಕೆ ನಾಲ್ಕು ಪೌಂಡ್ ಸಂಬಳ. ಕೆಲಸ, ವಿಶ್ವಕೋಶವನ್ನು ಕೈಯಲ್ಲಿ ನಕಲು ಮಾಡುವುದು. ಒಂದು ದಿನ ಸಂಘಕ್ಕೆ ಬೀಗ. ಅವನ ಗೋಳು ಕೇಳಿ ಹೋಮ್ಸ್, ವಾಟ್ಸನ್ ಇಬ್ಬರೂ ತಡೆಯಲಾರದೆ ನಕ್ಕುಬಿಡುತ್ತಾರೆ. ನಾವೂ ನಗುತ್ತೇವೆ. ಅಂಗಡಿಯ ಸಹಾಯಕ ಅರ್ಧ ಸಂಬಳಕ್ಕೆ ಒಪ್ಪಿ ಬಂದವನು, ಫೋಟೋ ತೊಳೆಯುವ ನೆಪದಲ್ಲಿ ಸದಾ ನೆಲಮಾಳಿಗೆಗೆ ಇಳಿಯುವವನು ಎಂಬ ಮಾತು ಆ ನಗೆಯ ಗದ್ದಲದಲ್ಲೇ ನುಸುಳಿ ಹೋಗಿರುತ್ತದೆ. ಅವನು ಕೆಳಗೆ ಬ್ಯಾಂಕಿನತ್ತ ಸುರಂಗ ತೋಡುತ್ತಿದ್ದಾನೆ! ನಾನು ಇದನ್ನು ಗುಂಪಿಗೆ ಹೇಳಿದ ಕಾಲಕ್ಕೆ ಫಾಸ್ಟ್ ಲೋಕಲ್‌ಗಳು ಇನ್ನೂ ಪಾರಸಿಕ್ ಗುಡ್ಡದ 1916ರ ಸುರಂಗದೊಳಗಿಂದಲೇ ಹೋಗುತ್ತಿದ್ದವು. ಸುಮಾರು 1.3 ಕಿಲೋಮೀಟರ್ ಕತ್ತಲು. ಒಳಗೆ ನುಗ್ಗುವ ಹೊತ್ತಿಗೆ ಸರಿಯಾಗಿ ಕತೆ ನೆಲಮಾಳಿಗೆಗೆ ತಲುಪುವಂತೆ ಎಳೆದು ತಂದಿದ್ದೆ. 2022ರಲ್ಲಿ ಥಾಣೆ–ದಿವಾ ನಡುವೆ ಹೊಸ ಹಳಿಗಳಾಗಿ ಲೋಕಲ್‌ಗಳು ಸುರಂಗ ಬಿಟ್ಟವು. ರೈಲ್ವೆಗೆ ಅನುಕೂಲ, ಕತೆಗಾರರಿಗೆ ನಷ್ಟ.

ನಗುವವರು ಆ ಗಳಿಗೆಯಲ್ಲಿ ಅನುಮಾನಪಡುವುದಿಲ್ಲ. ಆದ್ದರಿಂದ ಸುಳಿವನ್ನು ನಗೆಯೊಳಗೇ ಹೂಳಬೇಕು. ಹಾಗೆ ಹೂತು ನಾನು ಕಟ್ಟಿದ್ದು ಸಂಡಿಗೆ ಕತೆ.

ಏಪ್ರಿಲ್ ಬಿಸಿಲು. ನಾಲ್ಕನೇ ಮಹಡಿಯ ಪದ್ಮಕ್ಕ ಬೂದುಗುಂಬಳ ತುರಿದು, ಅರಳು ಬೆರೆಸಿ, ಹಸಿಮೆಣಸು ಇಂಗು ಹಾಕಿ, ಟೆರೇಸಿನಲ್ಲಿ ಹಳೆಯ ಪಂಚೆಯ ಮೇಲೆ ಸಂಡಿಗೆ ಇಟ್ಟಿದ್ದಾರೆ. ಪಕ್ಕದಲ್ಲೇ ಮರಾಠಿ ನೆರೆಯವರ ಕುರಡಯಿ. ಮೂರು ದಿನದಲ್ಲಿ ಪಂಚೆಯ ಒಂದು ಅಂಚು ಬೋಳಾಗುತ್ತದೆ. ಕುರಡಯಿ ಹಾಗೇ ಇದೆ. ಭಾನುವಾರದ ಮೀಟಿಂಗಿನಲ್ಲಿ ಇದೇ ರಂಪ. ವಾಚ್‌ಮನ್ ಮೇಲೆ ಒಬ್ಬರು, ಮೂರನೇ ಮಹಡಿಯ ಹುಡುಗರ ಮೇಲೆ ಒಬ್ಬರು ಗೂಬೆ ಕೂರಿಸುತ್ತಾರೆ. ವೃದ್ಧ ಸೆಕ್ರೆಟರಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸುತ್ತಾರೆ: ‘ಹೋಗಲಿ ಬಿಡ್ರಪ್ಪ, ಕಾಗೆ ತಿಂದಿರುತ್ತೆ. ಆ ಉಪ್ಪಿಗೆ ಪಾಪ ಅದಕ್ಕೂ ಬಿಪಿ ಏರಿರುತ್ತೆ!’ ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತದೆ, ಟೀ ಬರುತ್ತದೆ, ವಿಷಯ ನೀರಿನ ಮೋಟರಿಗೆ ಜಾರುತ್ತದೆ.

ಪದ್ಮಕ್ಕ ನಗುವುದಿಲ್ಲ. ಸಂಡಿಗೆ ಇನ್ನೂ ಒಣಗಿಲ್ಲ, ಒಂದನ್ನೂ ಕರಿದಿಲ್ಲ. ಹಿಟ್ಟಿನಲ್ಲಿ ಕೈತಪ್ಪಿ ಉಪ್ಪು ಜಾಸ್ತಿಯಾದದ್ದು ಅವರಿಗೊಬ್ಬರಿಗೇ ಗೊತ್ತು, ನಾಚಿಕೆಗೆ ಯಾರಿಗೂ ಹೇಳಿಲ್ಲ. ಡಾಕ್ಟರ ಮಾತು ಕೇಳಿ ಸೆಕ್ರೆಟರಿ ಮನೆಯಾಕೆ ಅಡುಗೆಯಲ್ಲಿ ಉಪ್ಪು ಬಿಟ್ಟು ಆರು ತಿಂಗಳಾಯಿತೆಂಬುದು ಕಟ್ಟಡಕ್ಕೆಲ್ಲ ಗೊತ್ತು. ಮರುವಾರ ಪದ್ಮಕ್ಕ ಉಪ್ಪಿಲ್ಲದ ಒಂದು ಒಬ್ಬೆ ಸಂಡಿಗೆ ಒಣಗಿಸಿ ಕರಿದು, ತಟ್ಟೆಗೆ ಮುಚ್ಚಳ ಮುಚ್ಚಿ ಸೆಕ್ರೆಟರಿ ಮನೆಗೆ ಕಳಿಸುತ್ತಾರೆ. ಚೀಟಿ ಇಲ್ಲ, ಮಾತಿಲ್ಲ. ತಟ್ಟೆ ತೊಳೆದು ವಾಪಸು ಬರುತ್ತದೆ.

ಈ ಕತೆಗಳಲ್ಲಿ ನನಗೆ ಪ್ರಿಯವಾದದ್ದು ಆ ತಟ್ಟೆ. ಕಳ್ಳ ನಾಳೆಯೂ ಅದೇ ಲಿಫ್ಟಿನಲ್ಲಿ ಸಿಗುವವನು, ಅವನನ್ನು ಜೈಲಿಗೆ ಹಾಕಿ ಕತೆ ಮುಗಿಸುವ ಸೌಕರ್ಯ ಪದ್ಮಕ್ಕನಿಗಿಲ್ಲ.

ಕಥಾವಸ್ತು ಬತ್ತಿದಾಗ ನಮ್ಮ ಗುಂಪು ಅಂಬರನಾಥದ ಶಿವಾಲಯಕ್ಕೆ ಹೋಗುತ್ತದೆ. ಶಾಸನದ ಪ್ರಕಾರ ಶಕ 982, ಅಂದರೆ 1060, ಶಿಲಾಹಾರರ ಕಾಲ. ಮೆಟ್ಟಿಲಿಳಿದು ತಲುಪುವ ಗರ್ಭಗುಡಿಯ ನೆತ್ತಿಗೆ ಶಿಖರವಿಲ್ಲ, ಬರೀ ಆಕಾಶ. ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟುತ್ತಿದ್ದಾಗ ಬೆಳಗಾಯಿತಂತೆ, ಕೆಲಸ ಅಷ್ಟಕ್ಕೇ ಬಿಟ್ಟು ಹೋದರಂತೆ. ಧಾರವಾಡದಾಕೆ ಒಪ್ಪುವುದಿಲ್ಲ. ‘ಐದು ಮಂದಿ, ಅದರಾಗ ಭೀಮ ಒಬ್ಬಾಂವ. ಹೊತ್ತಾತು ಅಂದ್ರ ಯಾರ್ ನಂಬ್ತಾರ್ರಿ? ಸಿಮೆಂಟಿನ ರೊಕ್ಕಾ ಯಾರೋ ತಿಂದಾರ.’

ಈಗ ಕಟ್ಟುತ್ತಿರುವುದು ಗಣೇಶೋತ್ಸವದ ಚಂದಾ ಡಬ್ಬಿಯ ಕತೆ. ಡಬ್ಬಿ ತೆರೆದರೆ ರಸೀದಿ ಪುಸ್ತಕಕ್ಕಿಂತ ಐನೂರು ರೂಪಾಯಿ ಹೆಚ್ಚಿದೆ. ಕದ್ದವರನ್ನು ಹುಡುಕಿ ಅಭ್ಯಾಸವಾದ ಪದ್ಮಕ್ಕ ಹಾಕಿದವರನ್ನು ಹುಡುಕಬೇಕು. ಬದ್ಲಾಪುರದಾಕೆ ಈ ಸಲವಾದರೂ ಒಂದು ಹೆಣ ಬೇಕು ಅಂತ ಹಠ ಹಿಡಿದಿದ್ದಾಳೆ. ಇಲಿಯೊಂದನ್ನು ಕೊಡುತ್ತೇನೆಂದು ಮಾತಾಗಿದೆ. ಧಾರವಾಡದಾಕೆಗೆ ಥಾಣೆ ಬರುವುದರೊಳಗೇ ಉತ್ತರ ಸಿಕ್ಕಿತು.

‘ಆ ಸೆಕ್ರೆಟರಿನs ಹಾಕ್ಯಾನ್ರಿ. ಸಂಡಿಗಿ ರೊಕ್ಕಾ ತೀರಿಸ್ಯಾನ, ಮತ್ತೇನು!’

ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. ಉತ್ತರ ಅದಲ್ಲ. ಆದರೆ ಆ ಮಾತನ್ನು ಎತ್ತಿ ಕತೆಗೆ ಹಾಕಿಕೊಂಡಿದ್ದೇನೆ. ಮೂರನೇ ಪುಟದ ಸುಳಿವನ್ನು ಹೂಳಲು ಅಂಥದೊಂದು ನಗೆಯೇ ಬೇಕಾಗಿತ್ತು.