ಹಳೆಯ ಡಿಸ್ಕಿನಿಂದ ಹೊಸ ಡಿಸ್ಕಿಗೆ

ನಮ್ಮಂಥ ವ್ಯಾಪಾರಿ ಮನೆತನಗಳಲ್ಲಿ ಹಳೆಯ ವಹಿಗಳನ್ನು ಎಸೆಯುವ ಪದ್ಧತಿ ಇಲ್ಲ. ಅಕ್ಕಲಕೋಟೆಯ ನಮ್ಮ ಅರಿವೆ ಅಂಗಡಿಯ ಅಟ್ಟದ ಮೇಲೆ ಅಜ್ಜನ ಕಾಲದ ಕೆಂಪು ರಟ್ಟಿನ ವಹಿಗಳು ಇಂದಿಗೂ ಇವೆ. ದೀಪಾವಳಿಗೆ ಕೆಳಗಿಳಿದು, ಧೂಳು ಕೊಡವಿಸಿಕೊಂಡು, ಮತ್ತೆ ಮೇಲೆ ಹೋಗುತ್ತವೆ. ಈಗ ವಹಿಪೂಜೆಯಲ್ಲಿ ಕಂಪ್ಯೂಟರಿಗೂ ಒಂದು ಕುಂಕುಮದ ಬೊಟ್ಟು ಸಿಗುತ್ತದೆ. ಆದರೆ ಇವೆರಡಕ್ಕೂ ದೊಡ್ಡ ಅಂತರವಿದೆ. ವಹಿಗೆ ಗೆದ್ದಲು ಹಿಡಿದರೆ ಹತ್ತು ಪುಟ ಹೋಗುತ್ತವೆ, ಉಳಿದದ್ದನ್ನು ಓದಬಹುದು. ಡಿಸ್ಕು ಕೆಟ್ಟರೆ ಒಂದೇ ಕ್ಷಣದಲ್ಲಿ ಎಲ್ಲವೂ ಹೋಗಬಹುದು.

ನಮ್ಮಲ್ಲಿರುವುದು 2011ರಲ್ಲಿ ಕೊಂಡ, ಅಂಗೈಯಗಲದ, 500 ಜಿಬಿಯ ಹಾರ್ಡ್ ಡಿಸ್ಕು. ಅಂಗಡಿಯ ಟ್ಯಾಲಿ ಲೆಕ್ಕ, ಜಿಎಸ್‌ಟಿ ಬರುವ ಮೊದಲಿನ ವ್ಯಾಟ್ ಕಾಗದಗಳು, ಮದುವೆಗಳ ಫೋಟೋ, ಊರ ಬಸದಿಯ ಪಂಚಕಲ್ಯಾಣದ ವಿಡಿಯೋ, ಎಲ್ಲವೂ ಅದರಲ್ಲಿ. ಇವುಗಳಲ್ಲಿ ಬಹಳಷ್ಟು ಹೋದರೂ ಮನೆತನ ನಡೆಯುತ್ತದೆ. ಹೋಗಬಾರದ್ದು ಒಂದೇ, ನಮ್ಮ ಸೋದರತ್ತೆಯ ಧ್ವನಿ. ಜತ್ತ ತಾಲೂಕಿನ ಹಳ್ಳಿಯೊಂದಕ್ಕೆ ಕೊಟ್ಟಿದ್ದ ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ತೀರ್ಥಂಕರರ ತೊಟ್ಟಿಲ ಪದ, ನೋಂಪಿಯ ಕಥೆ, ಬೀಗರ ಪದ ಎಲ್ಲವೂ ಬಾಯಲ್ಲೇ ಇದ್ದವು. 1994ರಲ್ಲಿ ಅವರನ್ನು ಕೂಡ್ರಿಸಿ 11 ಕ್ಯಾಸೆಟ್ಟು ತುಂಬಿಸಿಕೊಂಡಿದ್ದೆವು. 2012ರಲ್ಲಿ ಅವನ್ನು ಕಂಪ್ಯೂಟರಿಗೆ ಏರಿಸಿದ್ದಾಯಿತು. ಮುಂದೆ ಒಂದು ಮಳೆಗಾಲದಲ್ಲಿ ಮಾಳಿಗೆ ಸೋರಿ ಕ್ಯಾಸೆಟ್ಟುಗಳಿಗೆ ಬೂಷ್ಟು ಹತ್ತಿತು. ಅತ್ತೆಯೂ ಈಗಿಲ್ಲ. ನಮ್ಮ ಮೊಮ್ಮಕ್ಕಳು ಮರಾಠಿ ಶಾಲೆಗೆ ಹೋಗುವವರು. ಕನ್ನಡವನ್ನು ಅವರು ಓದುವುದಿಲ್ಲ, ಕೇಳುತ್ತಾರೆ. ಆದ್ದರಿಂದ ಆ ಧ್ವನಿಯ ಬೆಲೆ ನಮ್ಮ ಮನೆಯಲ್ಲಿ ಬೇರೆಯೇ.

ಕಳೆದ ಶ್ರುತಪಂಚಮಿಯ ವಾರ ಡಿಸ್ಕು ಕಟಕಟ ಎನ್ನಲಾರಂಭಿಸಿತು. ತಮ್ಮನ ಮಗ ಕಿವಿಗೊಟ್ಟು ಕೇಳಿ, “ಕಾಕಾ, ಇದರ ಜೀವಾ ಮುಗೀಲಿಕ್ಕೆ ಬಂದದ. ಇನ್ನ ತಡಾ ಮಾಡಬ್ಯಾಡ್ರಿ” ಎಂದ.

“ಎಷ್ಟ ತಾಸ ಹಿಡೀತದಪಾ?”

“ಲೆಕ್ಕದ ಪ್ರಕಾರ ನಾಕೈದ ತಾಸ. ಆದ್ರ ಈ ಡಿಸ್ಕ ಲೆಕ್ಕಾ ಕೇಳೂದಿಲ್ಲರಿ.”

ಕೇಳಲೂ ಇಲ್ಲ, ಎರಡು ದಿನ ಹಿಡಿಯಿತು. ಇಂಥ ಡಿಸ್ಕಿನೊಳಗೆ ತಟ್ಟೆಗಳು ತಿರುಗುತ್ತಿರುತ್ತವೆ, ಅವುಗಳ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓದುವ ಮುಳ್ಳು ಓಡಾಡುತ್ತದೆ. ಸವೆದ ಯಂತ್ರವನ್ನು ಎಷ್ಟು ಓಡಿಸಿದರೆ ಅಷ್ಟು ಅಪಾಯ. ಅದಕ್ಕೇ ಮೇಲಿನಿಂದ ಸಾಲಾಗಿ ತೆಗೆಯಲಿಲ್ಲ, ಮೊದಲು ಅತ್ತೆಯ 11 ಫೈಲು, ಆಮೇಲೆ ಲೆಕ್ಕ, ಕೊನೆಗೆ ದಪ್ಪ ವಿಡಿಯೋಗಳು. ‘ಕಟ್’ ಮಾಡಲಿಲ್ಲ, ‘ಕಾಪಿ’ ಮಾತ್ರ. ನಡುವೆ ಕಂಪ್ಯೂಟರು ತಾನೇ ಡಿಸ್ಕನ್ನು ರಿಪೇರಿ ಮಾಡುವೆನೆಂದು ಮುಂದೆ ಬಂತು, ಹುಡುಗ ಬೇಡವೆಂದ. ಸಾಯುತ್ತಿರುವ ಡಿಸ್ಕಿಗೆ ಆ ರಿಪೇರಿಯ ದುಡಿತವೇ ಕಡೆಯ ಪೆಟ್ಟಾಗಬಹುದಂತೆ. ಸಿಕ್ಕದ್ದನ್ನೆಲ್ಲ ತೆಗೆದುಕೊಂಡ ಮೇಲೆ ರಿಪೇರಿ ಯೋಚನೆ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆಂದು ಪಕ್ಕದ ಅಂಗಡಿಯವರು ಪ್ರೀತಿಯಿಂದಲೇ ಹೇಳಿದರು. ತಣ್ಣಗಾದ ಡಿಸ್ಕನ್ನು ಹೊರಗೆ ತೆಗೆದರೆ ಒಳಗೆ ನೀರಿನ ಪಸೆ ಕೂಡುತ್ತದೆ. ಆ ಮದ್ದು ನಮಗೆ ಬೇಡವೆಂದೆವು.

ಎರಡು ದಿನ ಆ ಪೆಟ್ಟಿಗೆಯ ಮುಂದೆ ಕೂತಾಗ ಮನಸ್ಸು ಮೂಡುಬಿದಿರೆಗೆ ಹೋಗಿತ್ತು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಗರಿಗಳು ಉಳಿದದ್ದು ಅಲ್ಲಿನ ಸಿದ್ಧಾಂತ ಬಸದಿಯೊಂದರಲ್ಲೇ. ಭಾಷೆ ಪ್ರಾಕೃತ, ಲಿಪಿ ಹಳೆಗನ್ನಡ. ಶತಮಾನಗಳ ಕಾಲ ಜನರು ಅವುಗಳ ದರ್ಶನ ಮಾಡಿದರೇ ಹೊರತು ಓದಿದವರು ವಿರಳ. ಗರಿಗಳು ಮುರಿಯುತ್ತಿವೆಯೆಂದು ಕಂಡು 19ನೇ ಶತಮಾನದ ಕೊನೆಯಲ್ಲಿ ಪ್ರತಿ ಮಾಡಿಸಲು ಓಡಾಡಿದವರಲ್ಲಿ ಮುಂಬಯಿಯ ಸೇಠ ಮಾಣಿಕಚಂದರೂ ನಮ್ಮ ಸೊಲ್ಲಾಪುರದ ಸೇಠ ಹಿರಾಚಂದ ನೇಮಚಂದರೂ ಇದ್ದರು. ಇಬ್ಬರೂ ವ್ಯಾಪಾರಿಗಳೇ ಎಂಬುದನ್ನು ನಮ್ಮ ಓದುಗರು ಗಮನಿಸಬೇಕು. ಕೈಬರಹದ ಪ್ರತಿಗೆ ವರ್ಷಗಳೇ ಹಿಡಿದವು. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಗಿ, ಮುಂದೆ 16 ಸಂಪುಟಗಳಾದವು. ಅದಕ್ಕೂ ಬಹಳ ಹಿಂದೆ, ಹತ್ತನೇ ಶತಮಾನದಲ್ಲಿ, ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ನಮಗೆ ಎರಡೇ ಪ್ರತಿ ಸಾಕಾಗಿತ್ತು!

ಇನ್ನೊಂದು ಮಾತು ಕನ್ನಡಿಗರಿಗೇ ಹತ್ತುವಂಥದು. ಯುನಿಕೋಡಿಗೆ ಮೊದಲು ನುಡಿ, ಬರಹ, ಶ್ರೀಲಿಪಿಗಳಲ್ಲಿ ಬರೆದ ಕಡತಗಳನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಕಡತ ಕೆಟ್ಟಿರುವುದಿಲ್ಲ, ಅದರ ಫಾಂಟು ಇಲ್ಲ, ಅಷ್ಟೇ. ಬಸದಿಯ ಟ್ರಸ್ಟಿನ ಹಳೆಯ ಠರಾವುಗಳು ನಮ್ಮಲ್ಲಿ ಹಾಗೆಯೇ ಇದ್ದವು. ಫಾಂಟುಗಳನ್ನೂ ಹಳೆಯ ಯಂತ್ರದಿಂದ ಹುಡುಕಿ ಜೊತೆಗೆ ಹಾಕಿದೆವು, ಮುಖ್ಯವಾದವನ್ನು ಯುನಿಕೋಡಿಗೆ ಪರಿವರ್ತಿಸಿದೆವು. ವಿಡಿಯೋಗಳ ತಂಟೆ ಬೇರೆ: ಫ್ಯಾಟ್32 ಪದ್ಧತಿಯಲ್ಲಿ ಸಿದ್ಧಮಾಡಿದ ಡಿಸ್ಕು 4 ಜಿಬಿಗೆ ಮೀರಿದ ಒಂದೇ ಕಡತವನ್ನು ಒಳಗೆ ಬಿಡುವುದಿಲ್ಲ, ಎಕ್ಸ್‌ಫ್ಯಾಟ್ ಬೇಕು. ವಹಿಯಂತೆ ಕಪಾಟಿನಲ್ಲಿಡುವುದಕ್ಕೆ ನಾವು ಎಸ್‌ಎಸ್‌ಡಿ ಕೊಳ್ಳಲಿಲ್ಲ. ಅದು ವೇಗದ್ದು ನಿಜ, ಆದರೆ ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಬಿದ್ದರೆ ಬರೆದದ್ದು ಅಳಿಯುವ ಸಂಭವ ಅದಕ್ಕಿದೆ.

ಎರಡನೆಯ ದಿನದ ರಾತ್ರಿ ಎರಡೂ ಡಿಸ್ಕುಗಳ ಕಡತಗಳ ಸಂಖ್ಯೆಯನ್ನೂ ಗಾತ್ರವನ್ನೂ ತಾಳೆ ನೋಡಿದೆವು, ರೋಜಮೇಳ ಕೂಡಿಸಿದಂತೆ. ಮುನ್ನೂರರಷ್ಟು ಫೋಟೋ ಓದಲಾಗಲಿಲ್ಲ. ಅತ್ತೆಯ 11ರಲ್ಲಿ 9 ಸರಾಗ ಬಂದವು, ಒಂದು ನಾಲ್ಕನೆಯ ಸಲಕ್ಕೆ ಬಂತು. ಆ 9ರಲ್ಲಿ ಒಂದನ್ನು ಹಚ್ಚಿದಾಗ “ಚಾ ಆರತದ, ಮೊದಲ ಕುಡೀರಿ, ಆಮ್ಯಾಲ ಹಾಡತೀನಿ” ಎಂಬ ಮಾತು ಕೇಳಿ ಅಡಿಗೆಮನೆಯಿಂದ ಎಲ್ಲರೂ ಹೊರಗೆ ಬಂದರು. ಈಗ ಒಂದು ಡಿಸ್ಕು ನಮ್ಮಲ್ಲಿದೆ, ಇನ್ನೊಂದು ಸಾಂಗಲಿಯ ತಂಗಿಯ ಮನೆಯಲ್ಲಿದೆ.

ಬಾರದೆ ಉಳಿದದ್ದು ಹನ್ನೊಂದನೆಯ ಫೈಲು. ಅದರಲ್ಲಿ ಆದಿನಾಥ ಸ್ವಾಮಿಯ ತೊಟ್ಟಿಲ ಪದವಿದೆ. ಮರುದೇವಿ ಕನಸುಗಳನ್ನು ಎಣಿಸುತ್ತಾಳೆ, ಐದನೆಯ ಕನಸಿಗೆ ಧ್ವನಿ ನಿಂತುಬಿಡುತ್ತದೆ. ಜತ್ತ, ಅಕ್ಕಲಕೋಟೆ, ಇಂಡಿ ಕಡೆಯ ನಮ್ಮ ತಾಯಂದಿರಲ್ಲಿ ಯಾರಿಗಾದರೂ ಹದಿನಾರೂ ಕನಸು ಎಣಿಸುವ ಈ ಹಾಡು ಬರುತ್ತಿದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಹಾಕಬೇಕು. ನಾವೇ ಬಂದು ಧ್ವನಿಮುದ್ರಿಸಿಕೊಂಡು ಹೋಗುತ್ತೇವೆ.